ಎರಡನೆಯ ಲೋಟ

ಮೆಣಸಿನಕಾಯಿ ಎಷ್ಟು ಹಾಕುತ್ತಿದ್ದ ಎಂದು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಅವಳು ತನ್ನ ಅಂಗೈ ನೋಡಿಕೊಂಡಳು. ನಾಲ್ಕು ಒಣಮೆಣಸಿನಕಾಯಿಗಳಿದ್ದವು, ಎಣಿಸಿ ತೆಗೆದದ್ದಲ್ಲ, ಡಬ್ಬಿಗೆ ಕೈಹಾಕಿದಾಗ ಬೆರಳಿಗೆ ಸಿಕ್ಕವು. ಕಾಯಿ ನೋಡಿಕೊಂಡು ಹಾಕುತ್ತಿದ್ದರು, ಸಣ್ಣದಾದರೆ ಒಂದು ಹೆಚ್ಚು, ದೊಡ್ಡದಾದರೆ ಒಂದು ಕಡಿಮೆ, ಎಂದಳು. ಗಂಡ ಮನಸ್ಸಿನೊಳಗೆ ಅವನು, ಅತ್ತೆಯೆದುರು ಅವರು. ಸತ್ತ ಮೇಲೂ ಇಬ್ಬರನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕಾಗಿತ್ತು. ಉತ್ತರ ಎಷ್ಟು ಸಲೀಸಾಗಿ ಬಾಯಿಗೆ ಬಂದಿತ್ತೆಂದರೆ ಅವಳಿಗೇ ಅಸಹ್ಯವಾಯಿತು. ಅತ್ತೆ ಹೂಂಗುಟ್ಟಿ ಒಳಗೆ ಬಂದು, ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು, ಒಲೆ ಕಾಣುವ ಹಾಗೆ ಕುಳಿತರು. ಹೊಲಿಗೆ ಯಂತ್ರ ತುಳಿದೇ ಇಬ್ಬರು ಮಕ್ಕಳನ್ನು ದಡ ಸೇರಿಸಿದವರು ಅವರು. ಎದುರಿಗೆ ನಡೆದುಹೋಗುವವರ ಭುಜ ನೋಡಿ, ತೋಳಿನ ಹೊಲಿಗೆ ಒಂದು ಕೂದಲೆಳೆ ಸೊಟ್ಟಗಿದ್ದರೂ ಹೇಳುವ ಕಣ್ಣು. ಆ ಕಣ್ಣಿನೆದುರು ಅವಳು ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಮಾಡಿ ತೋರಿಸಬೇಕಾಗಿತ್ತು.

ಅತ್ತೆ ಬಂದು ಮೂರು ದಿನವಾಗಿತ್ತು. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ನಾದಿನಿ ಕಾರು ತಂದು ಕರೆದುಕೊಂಡು ಹೋಗುತ್ತಾಳೆ. ಮೂರು ದಿನದಲ್ಲಿ ಅತ್ತೆ ಅವನ ಅಂಗಿ ಕೇಳಲಿಲ್ಲ, ಪುಸ್ತಕ ಕೇಳಲಿಲ್ಲ, ಫೋಟೋ ಕೂಡ ಕೇಳಲಿಲ್ಲ. ನಿನ್ನೆ ಸಂಜೆ ಮಾತ್ರ, ಒಣಗಿದ ಬಟ್ಟೆ ಮಡಿಸುತ್ತ, ನಮ್ಮ ಕಡ್ಡಿ ಭಾನುವಾರ ಭಾನುವಾರ ನಿನಗೆ ಅದೇನೋ ಮಾಡಿಕೊಡ್ತಿದ್ದನಲ್ಲ, ಮೆಕ್ಸಿಕೋದವರ ಥರ ಚಾಕೊಲೇಟಿಗೆ ಖಾರ ಹಾಕಿ, ಅದನ್ನ ನನಗೆ ಒಂದೇ ಒಂದು ಸಲ ಮಾಡಿಕೊಡು, ಎಂದರು. ಕಡ್ಡಿ ಎಂದರೆ ಮಗ. ಚಿಕ್ಕಂದಿನಲ್ಲಿ ಬೆಂಕಿಕಡ್ಡಿಯ ಹಾಗಿದ್ದನಂತೆ. ಮೂವತ್ತೇಳರಲ್ಲೂ ತಾಯಿಗೆ ಹಾಗೇ ಕಂಡ. ಆಯಿತು ಅತ್ತೆ ಎಂದಳು. ಆ ಪಾನೀಯವನ್ನು ಮಾಡುವುದನ್ನು ಅವಳು ಆರು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಅದೊಂದು ಗೊತ್ತಾದರೆ ಅತ್ತೆ ಇನ್ನೊಂದು ಕೇಳುತ್ತಾರೆ, ಇನ್ನೊಂದು ಕೇಳಿದರೆ ಕೊನೆಯ ಭಾನುವಾರದವರೆಗೂ ಹೋಗಬೇಕಾಗುತ್ತದೆ. ಕೊನೆಯ ಭಾನುವಾರವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎರಡು ಗಂಟೆಯವರೆಗೆ ಹೇಗಾದರೂ ತಳ್ಳಿದರೆ ಸಾಕು.

ನೋಡಿರಲಿಲ್ಲ, ಕೇಳಿದ್ದಳು. ಭಾನುವಾರ ಬೆಳಿಗ್ಗೆ ಅವಳು ಮಲಗಿಯೇ ಇರುತ್ತಿದ್ದಳು, ಗೋಡೆಯ ಆಚೆ ಅವನು ಏಳು ಗಂಟೆಗೆ ಶುರುಮಾಡುತ್ತಿದ್ದ. ಮೊದಲು ಹಾಲಿನ ಪಾತ್ರೆ ಒಲೆಯ ಮೇಲೆ ಕೂರುವ ಸದ್ದು. ಆಮೇಲೆ ಚಕ್ಕೆ ಮುರಿಯುವುದು, ಟಕ್ ಎಂದು ಒಂದೇ ಸಲ. ಸಣ್ಣ ಬಾಣಲೆ. ಸ್ವಲ್ಪ ಹೊತ್ತಿಗೆ ಹುರಿದ ಮೆಣಸಿನಕಾಯಿಯ ಘಾಟು ಬಾಗಿಲ ಸಂದಿಯಿಂದ ಬಂದು ಅವಳು ಹೊದಿಕೆಯನ್ನು ಮೂಗಿಗೆ ಎಳೆದುಕೊಳ್ಳುತ್ತಿದ್ದಳು, ಅವನು ಎರಡು ಸಲ ಸೀನುತ್ತಿದ್ದ. ತುರಿಮಣೆಯ ಮೇಲೆ ಚಾಕೊಲೇಟಿನ ಗಟ್ಟಿ ಉಜ್ಜುವ ಕರಕರ. ಕೊನೆಗೆ ಕಡೆಗೋಲು, ತಾಂತ್ರಿಕ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವನು ತಾನೇ ಲೇತಿನಲ್ಲಿ ಕಡೆದು ಮಾಡಿಕೊಂಡದ್ದು, ಎರಡು ಅಂಗೈ ನಡುವೆ ಅದನ್ನು ತಿರುಗಿಸಿದರೆ ಪಾತ್ರೆಯೊಳಗಿನಿಂದ ದೂರದಲ್ಲಿ ಯಾರೋ ಓಡುವಂಥ ಸದ್ದು ಬರುತ್ತಿತ್ತು. ಈಗ ಅವಳು ಆ ಸದ್ದುಗಳನ್ನು ಒಂದೊಂದಾಗಿ ಜ್ಞಾಪಿಸಿಕೊಂಡು ಅವುಗಳ ಹಿಂದೆ ಕೈ ಹಾಕುತ್ತಿದ್ದಳು. ಹಾಲು ಇಟ್ಟಳು. ಚಕ್ಕೆ ಮುರಿದಳು, ಅವಳ ಕೈಯಲ್ಲಿ ಅದು ಟಕ್ ಎನ್ನಲಿಲ್ಲ, ನಾರುನಾರಾಗಿ ಸೀಳಿತು. ಅವನೂ ಹೀಗೇನಾ ಮುರೀತಿದ್ದ, ಎಂದು ಅತ್ತೆ ಕೇಳಿದರು. ಹೂಂ ಅತ್ತೆ ಎಂದಳು.

ಮಾಡುವ ವಿಧಾನದ ಹಾಳೆಯೊಂದು ಇತ್ತು, ಡಬ್ಬಿಗಳ ಹಿಂದೆ ಮಡಿಸಿಟ್ಟದ್ದು. ಆದರೆ ಅದು ಹರಿದದ್ದು. ಮದುವೆಯಾಗಿ ಎರಡನೆಯ ವಾರ ಅವಳಿಗೆ ಹಲ್ಲುನೋವು ಬಂದು ದಂತವೈದ್ಯರ ಹತ್ತಿರ ಹೋಗಿದ್ದರು. ಕಾಯುವ ಕೋಣೆಯಲ್ಲಿ ಬಿದ್ದಿದ್ದ ಹಳೆಯ ಪತ್ರಿಕೆಯಲ್ಲಿ ಇದು ಅವನ ಕಣ್ಣಿಗೆ ಬಿತ್ತು. ಎದುರಿನ ಕುರ್ಚಿಯ ಮುದುಕರಿಗೆ ಕೇಳಿಸಬಾರದೆಂದು ಜೋರಾಗಿ ಕೆಮ್ಮಿ ಅದೇ ಹೊತ್ತಿಗೆ ಹಾಳೆ ಹರಿದ. ಹರಿದದ್ದು ಓರೆಯಾಗಿ ಹೋಗಿ ಕೆಳಗಿನ ಮೂಲೆ ಪತ್ರಿಕೆಯಲ್ಲೇ ಉಳಿಯಿತು. ಹಾಲು ಎರಡು ಲೋಟ, ಕಂದು ಸಕ್ಕರೆ ಎರಡು ಚಮಚ, ಉಪ್ಪು ಒಂದು ಚಿಟಿಕೆ, ಜೋಳದ ಹಿಟ್ಟು ಒಂದು ಚಮಚ, ಬೀಜ ತೆಗೆದ ಒಣಮೆಣಸಿನಕಾಯಿ, ಅಲ್ಲಿಗೆ ಕಾಗದ ಮುಗಿಯುತ್ತಿತ್ತು. ಮನೆಗೆ ಬಂದವನೇ ಅಂಗಡಿಗೆ ಓಡಿ ಎಲ್ಲ ತಂದು ಮಾಡಿದ. ಅವಳ ಹಲ್ಲಿಗೆ ಚುಚ್ಚಿದ ಔಷಧಿ ಇನ್ನೂ ಇಳಿದಿರಲಿಲ್ಲ. ಅರ್ಧ ನಾಲಗೆ, ಒಂದು ಕೆನ್ನೆ, ತುಟಿಯ ಒಂದು ಕೊನೆ ಯಾರದೋ ಆಗಿದ್ದವು. ನೋವಾಗದ, ಮರಗಟ್ಟಿದ ಕಡೆಯಿಂದ ಕುಡಿದಳು. ಬಿಸಿ ಎಂಬುದೊಂದು ಬಿಟ್ಟರೆ ಏನೂ ತಿಳಿಯಲಿಲ್ಲ. ಅವನು ಎದುರಿಗೆ ಮೊಣಕಾಲಿನ ಮೇಲೆ ಕೂತು ಮುಖವನ್ನೇ ನೋಡುತ್ತಿದ್ದ. ಗುರುತು ಪರಿಚಯವಾಗಿ ಹನ್ನೆರಡು ದಿನವಾಗಿದ್ದ ಮನುಷ್ಯ. ತುಂಬಾ ಚೆನ್ನಾಗಿದೆ ಎಂದಳು, ಇನ್ನರ್ಧ ಲೋಟ ಹಾಕಿಸಿಕೊಂಡಳು. ಮುಂದಿನ ಭಾನುವಾರ ಬಾಯಿ ತನ್ನದಾಗಿತ್ತು, ಮೊದಲ ಗುಟುಕಿಗೇ ಕಿವಿಯವರೆಗೆ ಉರಿ ಹತ್ತಿತು. ಆದರೆ ಒಂದು ವಾರದ ಹಿಂದೆ ಕೊಂಡಾಡಿದ್ದನ್ನು ಇವತ್ತು ಒಲ್ಲೆ ಎನ್ನುವುದು ಹೇಗೆ. ಆ ಹೇಗೆಯಲ್ಲೇ ಆರು ವರ್ಷ ಹೋಯಿತು.

ಹಾಲು ಕಾಯುತ್ತಿತ್ತು. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸುತ್ತುಗಟ್ಟುವುದನ್ನು ಅವಳು ಕೆಲಸದ ಜಾಗದಲ್ಲಿ ನೋಡುವ ಹಾಗೆ ನೋಡಿದಳು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಅಲ್ಲೊಂದು ಪದ್ಧತಿ ಇದೆ: ಒಂದೇ ಮಾದರಿಯನ್ನು ಇಬ್ಬರು ಬೇರೆ ಬೇರೆ ಕೂತು ನೋಡಬೇಕು, ತಮ್ಮ ತಮ್ಮ ಅಂಕಿಯನ್ನು ಬರೆದು ಮುಚ್ಚಿಟ್ಟ ಮೇಲೆಯೇ ಇನ್ನೊಬ್ಬರಿಗೆ ತೋರಿಸಬೇಕು. ಮೊದಲೇ ತೋರಿಸಿದರೆ ಎರಡನೆಯವರ ಕಣ್ಣು ತಾನಾಗಿ ಮೊದಲಿನ ಅಂಕಿಯ ಕಡೆಗೆ ವಾಲುತ್ತದೆ. ಯಾರೂ ಬೇಕೆಂದು ಮಾಡುವುದಿಲ್ಲ, ವಾಲುತ್ತದೆ ಅಷ್ಟೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳು ಅವಳೇ. ಎರಡು ತಿಂಗಳ ಹಿಂದೆ ಅವಳು ಎರಡು ಬಾಟಲಿಗಳ ಸಂಖ್ಯೆಯನ್ನು ಅದಲುಬದಲು ಮಾಡಿದ್ದಳು. ಮೇಲಿನವರು ಒಳಗೆ ಕರೆದು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂರಿಸಿ, ನೀರು ಕೊಟ್ಟು, ಸ್ವಲ್ಪ ದಿನ ಗಾಜಿನ ಸಾಮಾನು ತೊಳೆಯುವ ಕಡೆ ಇರಮ್ಮ, ಮನಸ್ಸಿಗೂ ಹಗುರ, ಎಂದರು. ಅಂದಿನಿಂದ ತೊಳೆಯುತ್ತಿದ್ದಾಳೆ. ಪಕ್ಕದ ಮೇಜಿನವಳು ಬಂದಾಗಲೆಲ್ಲ ಸದ್ದಾಗದ ಹಾಗೆ ಹೆಜ್ಜೆಯಿಟ್ಟು ಕೊಳಕು ಲೋಟಗಳನ್ನು ಇಟ್ಟುಹೋಗುತ್ತಾಳೆ, ಮಲಗಿದ ಮಗುವಿನ ಕೋಣೆಗೆ ಬಂದವಳಂತೆ. ಮನಸ್ಸಿಗೆ ಹಗುರವೂ ಆಗಿಲ್ಲ, ಭಾರವೂ ಆಗಿಲ್ಲ. ಅವನು ಹೋದ ಈ ಎಂಟು ತಿಂಗಳಿಂದ ಅವಳಿಗೆ ಅನ್ನಿಸುತ್ತಿದ್ದದ್ದು ಒಂದೇ, ಆಯಾಸ. ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ, ನಿದ್ದೆಯಲ್ಲೂ ಮಾಡುತ್ತಲೇ ಇರಬೇಕಾದ ಯಾವುದೋ ಕೆಲಸದ್ದು.

ಬೀಜ ಹಾಗೇ ಇದೆಯಲ್ಲ, ತೆಗೀತಿರಲಿಲ್ವಾ, ಎಂದರು ಅತ್ತೆ. ತೆಗೀತಿದ್ದರು ಎಂದು ಅವಳು ಬಾಣಲೆಯಿಂದ ಬಿಸಿ ಕಾಯಿಗಳನ್ನು ಎತ್ತಿ ಸೀಳಿದಳು, ಬೆರಳು ಚುರುಕೆಂದಿತು, ಬೀಜಗಳು ಅರ್ಧ ಸಿಂಕಿಗೆ ಅರ್ಧ ಹಾಲಿಗೆ ಬಿದ್ದವು. ಮೆಣಸಿನಕಾಯಿ, ಚಕ್ಕೆ, ಸಕ್ಕರೆ, ಉಪ್ಪು ಎಲ್ಲ ಹಾಲಿನಲ್ಲಿ ಕುದಿಯಲು ಬಿಟ್ಟು ಚಾಕೊಲೇಟು ತುರಿಯತೊಡಗಿದಳು. ತುರಿಯುವಾಗ ಆ ಕೊನೆಯ ಭಾನುವಾರ ನೆನಪಿಗೆ ಬಂತು, ಅದಕ್ಕೆ ಯಾವ ಹೊತ್ತೂ ಇರಲಿಲ್ಲ, ಬಸ್ಸಿನಲ್ಲೂ ಬರುತ್ತಿತ್ತು. ಅವನು ಎಂದಿನಂತೆ ಕೋಣೆಯ ಬಾಗಿಲಿಗೆ ಬಂದು ತರಲಾ ಎಂದಿದ್ದ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಯಾವ ಜಗಳವೂ ಆಗಿರಲಿಲ್ಲ. ಹಿಂದಿನ ದಿನ ಕೆಲಸ ಹೆಚ್ಚಾಗಿತ್ತು, ತಲೆ ಸಿಡಿಯುತ್ತಿತ್ತು, ಆ ಘಾಟಿನ ಜೊತೆ ಇನ್ನೊಂದು ಬೆಳಿಗ್ಗೆ ನಗುವುದು ಸಾಧ್ಯವೇ ಇಲ್ಲ ಅನ್ನಿಸಿತ್ತು. ಇವತ್ತು ಬೇಡ, ಎಂದಳು. ಆರು ವರ್ಷದಲ್ಲಿ ಮೊದಲ ಸಲ. ಅವನು ಸ್ವಲ್ಪ ಹೊತ್ತು ನಿಂತಿದ್ದ, ಬೆನ್ನಿಗೆ ತಿಳಿಯುತ್ತಿತ್ತು. ಆಮೇಲೆ ಅಡುಗೆಮನೆಯ ಸಿಂಕಿನಲ್ಲಿ ಒಂದು ಲೋಟ ಚೆಲ್ಲಿದ ಸದ್ದು. ಅದು ತನ್ನದು, ಸರಿ. ತುಸು ತಡೆದು ಇನ್ನೊಂದು. ಅದು ಅವನದು. ಯಾಕೆ ಚೆಲ್ಲಿದ? ಅಷ್ಟು ಇಷ್ಟಪಟ್ಟು ಕಣ್ಣುಮುಚ್ಚಿ ಕುಡಿಯುತ್ತಿದ್ದವನು ತನ್ನ ಪಾಲನ್ನೂ ಚೆಲ್ಲಿದನೆಂದರೆ ಎಷ್ಟು ನೊಂದಿರಬೇಕು. ಎದ್ದುಹೋಗಿ ಒಂದು ಮಾತು ಕೇಳಬಹುದಿತ್ತು. ನಾಳೆ ಕೇಳೋಣ ಎಂದು ಹೊದಿಕೆ ಎಳೆದುಕೊಂಡಳು. ಸೋಮವಾರ ಇಬ್ಬರಿಗೂ ಕೆಲಸ. ಮಂಗಳವಾರ ಹನ್ನೊಂದು ಗಂಟೆಗೆ ಶಾಲೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಅಳತೆಕೋಲು ಹಿಡಿದುಕೊಂಡೇ, ಕುಸಿದುಬಿದ್ದ. ಡಾಕ್ಟರು ಹೃದಯ ಎಂದರು. ಹೃದಯ ಎಂದರೆ ಏನು ಎಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು, ಎರಡನೆಯ ಲೋಟ.

ಒಲೆ ಆರಿಸಿ ತುರಿದದ್ದನ್ನು ಹಾಲಿಗೆ ಸುರಿದಳು. ಅದು ಮೊದಲು ಮೇಲೆ ತೇಲಿತು, ಆಮೇಲೆ ಅಂಚಿನಿಂದ ಕರಗುತ್ತ ಬಿಳಿಯ ಮೇಲೆ ಕಂದು ಗೆರೆಗಳನ್ನು ಎಳೆಯಿತು. ಅವಳು ಕಡೆಗೋಲು ಇಳಿಸಿ ಅಂಗೈಗಳ ನಡುವೆ ತಿರುಗಿಸಿದಳು. ಸದ್ದು ಬಂತು. ಎಂಟು ತಿಂಗಳ ಮೇಲೆ ಈ ಮನೆಯಲ್ಲಿ ಆ ಸದ್ದು ತನ್ನ ಕೈಯಿಂದ ಬರುತ್ತಿರುವುದು ವಿಚಿತ್ರವಾಗಿತ್ತು, ಕಳ್ಳತನ ಮಾಡಿದ ಹಾಗಿತ್ತು. ಅತ್ತೆ ಸ್ಟೂಲಿನ ಮೇಲೆ ತಲೆ ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದರು. ನೊರೆ ಬಂದಿದೆ ನೋಡು, ನಿಲ್ಲಿಸಬೇಡ, ಇನ್ನಷ್ಟು ಬರಲಿ, ಎಂದರು. ಆಮೇಲೆ, ಮಾತು ಹೊರಡಿಸಿದವರಂತೆ ಅಲ್ಲದೆ ಮೊದಲೇ ಆಡುತ್ತಿದ್ದ ಮಾತನ್ನು ಮುಂದುವರಿಸುವವರಂತೆ, ಹೇಳತೊಡಗಿದರು.

"ಖಾರ ಅಂದ್ರೆ ಅವನಿಗೆ ಆಗ್ತಾನೇ ಇರಲಿಲ್ಲ ನೋಡು. ತಟ್ಟೆ ಪಕ್ಕ ಒಂದು ಲೋಟ ನೀರಿಟ್ಟುಕೊಂಡು, ತರಕಾರಿ ಹೋಳನ್ನ ಒಂದೊಂದೇ ಅದ್ದಿ, ತೊಳೆದು ತಿಂತಿದ್ದ. ಎಷ್ಟು ಬೈದಿದ್ದೀನಿ. ಅವನ ತಂಗಿ ಆ ನೀರನ್ನೇ ಎತ್ತಿ ಅವನ ತಲೆ ಮೇಲೆ ಸುರಿದಿದ್ಳು ಒಂದ್ಸಲ."

ಅವಳ ಕೈ ನಿಂತಿತು. ಅತ್ತೆ ಗಮನಿಸಲಿಲ್ಲ, ಅಥವಾ ಗಮನಿಸಿಯೂ ಮುಂದುವರಿಸಿದರು. ಮಗ ಫೋನಿನಲ್ಲಿ ಈ ಚಾಕೊಲೇಟಿನ ಸಂಗತಿ ಹೇಳಿದಾಗ ಅವರು ನಂಬಲೇ ಇಲ್ಲವಂತೆ. ನೀನಾ, ಖಾರನಾ, ಹೇಗೋ ಕುಡೀತೀಯ, ಎಂದು ಕೇಳಿದರಂತೆ.

"ಏನ್ ಮಾಡ್ಲಮ್ಮ, ಅವಳಿಗೆ ಅದಂದ್ರೆ ಪ್ರಾಣ, ಒಬ್ಬಳೇ ಕುಡೀಲಿ ಅಂತ ಹೇಗೆ ಬಿಡ್ಲಿ, ಕಣ್ಣು ಮುಚ್ಕೊಂಡು ನುಂಗಿಬಿಡ್ತೀನಿ ಅಂದ. ಆಮೇಲೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕ್ಕೋತಾನಂತೆ, ನಿನಗೆ ಕಾಣದ ಹಾಗೆ. ನಾನು ಅವತ್ತೇ ಅಂದ್ಕೊಂಡೆ, ಇವನು ಇಷ್ಟು ವರ್ಷ ನುಂಗ್ತಾ ಇರೋದು ಏನು ಅಂತ ಒಂದ್ಸಲ ನಾನೂ ನೋಡ್ಬೇಕು ಅಂತ."

ಅವಳು ಪಾತ್ರೆಯನ್ನು ನೋಡುತ್ತಿದ್ದಳು. ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ಕಿಟಕಿಯ ಹತ್ತಿರ ಕೂತು ಕುಡಿಯುತ್ತಿದ್ದ ಮುನ್ನೂರು ಭಾನುವಾರಗಳು ಅಲ್ಲೇ ಇದ್ದವು, ಯಾವುದೂ ಅಲುಗಿರಲಿಲ್ಲ, ಬೆಳಕು ಮಾತ್ರ ಬೇರೆ ಕಡೆಯಿಂದ ಬೀಳುತ್ತಿತ್ತು. ಹೇಗಿದೆ ಎಂದು ಅವನು ಕೇಳುವುದು, ಚೆನ್ನಾಗಿದೆ ಎಂದು ಅವಳು ಹೇಳುವುದು, ಅವನು ಕಣ್ಣು ಮುಚ್ಚಿ ಗುಟುಕರಿಸುವುದು. ರೆಪ್ಪೆಯಡಿ ನೀರು ಕಂಡಾಗ, ಎಷ್ಟು ಸುಖಪಡುತ್ತಾನೆ ಈ ಮನುಷ್ಯ ಎಂದುಕೊಂಡು ಅವಳಿಗೆ ಸಣ್ಣ ಅಸೂಯೆಯಾಗುವುದು. ಲೋಟ ತೊಳೆಯಲು ಅವನೇ ಮೊದಲು ಎದ್ದುಹೋಗುವುದು, ಸಕ್ಕರೆ ಡಬ್ಬಿಯ ಮುಚ್ಚಳದ ಸದ್ದು. ಕೇಳಿಸಿತ್ತು. ಎಲ್ಲ ಸದ್ದುಗಳ ಜೊತೆ ಅದೂ ಕೇಳಿಸಿತ್ತು, ಅದಕ್ಕೆ ಅರ್ಥ ಇದೆಯೆಂದು ಹೊಳೆದಿರಲಿಲ್ಲ. ಇಬ್ಬರೂ ತಮ್ಮ ಅಂಕಿಯನ್ನು ಬರೆದಿಡುವ ಮೊದಲೇ ಇನ್ನೊಬ್ಬರ ಮುಖ ನೋಡಿದ್ದರು. ಮತ್ತು ಆ ಕೊನೆಯ ಭಾನುವಾರ. ಇವತ್ತು ಬೇಡ ಎಂದಾಗ ಬಾಗಿಲಲ್ಲಿ ಅವನು ಅಷ್ಟು ಹೊತ್ತು ನಿಂತದ್ದು ನೋವಿಗೋ, ಬಿಡುಗಡೆಯಾಯಿತೆಂದೋ? ಎರಡನೆಯ ಲೋಟ ಚೆಲ್ಲುವ ಮೊದಲು ತುಸು ತಡೆದನಲ್ಲ, ಆ ತಡೆಯಲ್ಲಿ ಅವನ ಮುಖ ಹೇಗಿತ್ತು? ಎಂಟು ತಿಂಗಳು ಅವಳು ಹೊತ್ತು ತಿರುಗಿದ ತಪ್ಪಿನ ಅರ್ಧ ತೂಕ ಇದ್ದಕ್ಕಿದ್ದ ಹಾಗೆ ಕೈಯಿಂದ ಹೋಗಿ, ಉಳಿದರ್ಧ ಹಿಡಿಯಲು ಇನ್ನೂ ಕಷ್ಟವಾಯಿತು.

ಬಗ್ಗಿಸಿ ಕೊಡು, ಆರಿಹೋಗುತ್ತೆ, ಎಂದರು ಅತ್ತೆ.

ಎರಡು ಲೋಟಕ್ಕೆ ಸೋಸಿದಳು. ಈಗ ಮಾಡಬೇಕಾದದ್ದು ಬಹಳ ಸುಲಭವಿತ್ತು. ಕುಡಿದು, ಹೀಗೇ ಇರುತ್ತಿತ್ತು ಅತ್ತೆ, ಎಂದರೆ ಮುಗಿಯಿತು. ಅತ್ತೆ ತಾವು ತಂದ ನೆನಪನ್ನು ಹಾಗೇ ಮಡಿಸಿ ತೆಗೆದುಕೊಂಡು ಹೋಗುತ್ತಾರೆ: ಹೆಂಡತಿಗೆ ಪ್ರಾಣವೆಂದು ತನಗಾಗದ್ದನ್ನು ನುಂಗಿದ ಮಗ. ಅದರಲ್ಲಿ ಒಬ್ಬರಿಗಾದರೂ ಸಂತೋಷವಾಗಿತ್ತು. ನಿಜ ಹೇಳಿದರೆ ಅದೂ ಇಲ್ಲ. ಹೇಳದಿದ್ದರೆ ಇನ್ನೂ ಒಬ್ಬರು ಇದೇ ಸುಳ್ಳನ್ನು ಕುಡಿಯುತ್ತಾರೆ. ಇಷ್ಟು ಯೋಚಿಸುವಷ್ಟರಲ್ಲಿ ಅವಳಿಗೆ ದಣಿವಾಯಿತು, ಯೋಚಿಸದೆ ಲೋಟ ಎತ್ತಿ ಒಂದು ದೊಡ್ಡ ಗುಟುಕು ಕುಡಿದಳು. ನಾಲ್ಕು ಮೆಣಸಿನಕಾಯಿ, ಬೀಜ ಸಮೇತ. ಗಂಟಲಲ್ಲಿ ಕೆಂಡ ಇಳಿದಂತಾಗಿ, ಮೂಗು ಕಣ್ಣು ಒಟ್ಟಿಗೆ ಸುರಿಯತೊಡಗಿ, ಸಿಂಕಿನ ಅಂಚು ಹಿಡಿದು ಬಗ್ಗಿ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಅತ್ತೆ ಬೆನ್ನು ಮುಟ್ಟಲಿಲ್ಲ, ನೋಡುತ್ತ ಕುಳಿತಿದ್ದರು.

"ನಿನಗೂ ಆಗಲ್ಲ," ಎಂದರು.

"ಆಗಲ್ಲ ಅತ್ತೆ."

"ಯಾವತ್ತಿಂದ?"

"ಯಾವತ್ತೂ ಆಗ್ತಿರಲಿಲ್ಲ."

ಆಮೇಲೆ ಅವಳು ಹೇಳಿದಳು. ಹಲ್ಲಿಗೆ ಚುಚ್ಚಿದ ಔಷಧಿಯಿಂದ ಶುರುಮಾಡಿ, ಮೂಗೊರೆಸಿಕೊಳ್ಳುತ್ತ, ಯಾವುದನ್ನೂ ಚೆಂದ ಮಾಡದೆ, ಪ್ರಯೋಗಾಲಯದ ವರದಿ ಓದಿದ ಹಾಗೆ. ಮಾಡುವುದನ್ನು ನೋಡೇ ಇಲ್ಲ ಎಂದಳು. ಮೆಣಸಿನಕಾಯಿ ಎಷ್ಟೆಂದು ಗೊತ್ತಿಲ್ಲ ಎಂದಳು. ಕೊನೆಯ ಭಾನುವಾರ ಗೋಡೆಯ ಕಡೆ ತಿರುಗಿದ್ದು, ಎರಡು ಲೋಟ ಚೆಲ್ಲಿದ್ದು, ತಾನು ಏಳದೆ ಇದ್ದದ್ದು. ಅತ್ತೆ, ಕೇಳಿ ಮುಗಿದ ಮೇಲೆ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಹೊಲಿಗೆಯುದ್ದಕ್ಕೂ ಉಗುರು ಎಳೆದರು.

"ಚೆಲ್ಲಿದ ಮೇಲೆ ಏನು ಮಾಡ್ದ?"

"ಪಾತ್ರೆ ತೊಳೆದರು."

"ಎಲ್ಲಾನೂ?"

"ಎಲ್ಲಾನೂ. ಬಾಣಲೆ, ತುರಿಮಣೆ, ಎಲ್ಲ. ತೊಳೆದು ಒರೆಸಿಟ್ಟಿದ್ದರು."

"ಹಾಗಾದ್ರೆ ಕೋಪ ಇರಲಿಲ್ಲ. ಬೇಜಾರಾದ್ರೆ ಅವನು ಪಾತ್ರೆ ಮುಟ್ಟೋನಲ್ಲ. ಚಿಕ್ಕೋನಿದ್ದಾಗಿಂದ ನನಗೆ ಗೊತ್ತಲ್ಲ."

ಹೇಳುವಾಗ ಅತ್ತೆ ಅವಳ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. ನಿಜವಿರಬಹುದು. ಅಥವಾ ಎಳೆಯ ಹೆಣ್ಣು, ಸಮಾಧಾನವಾಗಲಿ ಎಂದು ಈ ಕ್ಷಣ ಹೊಲಿದುಕೊಟ್ಟದ್ದಿರಬಹುದು. ಚೆನ್ನಾಗಿದೆ ಎಂದು ಹೇಳುವುದನ್ನು ಆ ಮಗ ಯಾರಿಂದಲೋ ಕಲಿತಿರಲೇಬೇಕಲ್ಲ. ನಿಜವಾಗಲೂನಾ ಅತ್ತೆ ಎಂಬ ಮಾತು ನಾಲಗೆಯ ತನಕ ಬಂತು. ಕೇಳಿದರೆ ಹೌದು ಎನ್ನುತ್ತಾರೆ. ಹೌದು ಎಂದರೆ ಮತ್ತೆ ಅಲ್ಲಿಗೇ ಬಂದು ನಿಲ್ಲಬೇಕು. ಅವನು ಬಾಗಿಲಲ್ಲಿ ನಿಂತದ್ದು, ತುಸು ತಡೆದದ್ದು, ಸಿಂಕಿನ ಸದ್ದು, ಇಷ್ಟು ಮಾತ್ರ ತನ್ನ ಬಳಿ ಇರುವುದು. ಇದಕ್ಕಿಂತ ಹೆಚ್ಚು ಯಾವತ್ತೂ ಸಿಗುವುದಿಲ್ಲ. ಅವಳು ಕೇಳಲಿಲ್ಲ. ನಾಲಗೆ ಇನ್ನೂ ಉರಿಯುತ್ತಿತ್ತು, ಎರಡೂ ಕಡೆ.

ಅತ್ತೆ ಕೈಚಾಚಿ ತಮ್ಮ ಲೋಟ ತೆಗೆದುಕೊಂಡರು. ಬೇಡ ಅತ್ತೆ, ನಾಲ್ಕು ಹಾಕಿಬಿಟ್ಟಿದ್ದೀನಿ, ಹೊಟ್ಟೆ ಕೆಡುತ್ತೆ, ದಾರಿ ಬೇರೆ ದೂರ, ಎಂದಳು. ಇರು, ಎಂದರು ಅವರು. ಊದಿ ಒಂದು ಗುಟುಕು ಕುಡಿದರು. ಮುಖವೆಲ್ಲ ಹಿಂಡಿತು, ಕತ್ತಿನ ನರ ಎದ್ದುಬಂತು, ಲೋಟ ಹಿಡಿದ ಕೈ ಮಾತ್ರ ಕೆಳಗಿಳಿಯಲಿಲ್ಲ.

"ಅವನು ಆರು ವರ್ಷ ಕುಡಿದ. ನನಗೇನು, ಇದೊಂದು ಲೋಟ."

ನಿಧಾನವಾಗಿ, ನಡುನಡುವೆ ಉಸಿರು ಬಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಡಿಯುತ್ತ ಹೋದರು. ಥೂ, ಎಂಥ ದರಿದ್ರ ರುಚಿ, ಎಂದು ಒಮ್ಮೆ ಅಂದರು. ಅವಳು ಎದುರಿನ ಕುರ್ಚಿಯಲ್ಲಿ ಕುಳಿತಳು. ತನ್ನ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಬಿಸಿ ಇತ್ತು, ಅಂಗೈಗೆ ಹಿತವಾಗಿತ್ತು. ಕೆಳಗೆ ರಸ್ತೆಯಲ್ಲಿ ಯಾರೋ ಕಾರಿನ ಬಾಗಿಲು ಹಾಕಿದರು, ನಾದಿನಿಯಲ್ಲ, ಇನ್ನೂ ಹೊತ್ತಿತ್ತು. ಅವಳು ಕುಡಿಯಲಿಲ್ಲ. ಕುಡಿ ಎಂದು ಅತ್ತೆಯೂ ಹೇಳಲಿಲ್ಲ.